‘ಹಾಕೋಣ’ದಲ್ಲಿರುವ ಇನ್ನೊಬ್ಬರು ಯಾರು?

ವಾದದಲ್ಲಿ ಸೋಲುವುದನ್ನು ನನಗೆ ಯಾರೂ ಕಲಿಸಲಿಲ್ಲ. ಗೆಲ್ಲುವುದನ್ನು ಕಲಿಸಲು ಮಾತ್ರ ದಾವಣಗೆರೆಯಲ್ಲಿ ಸಾಲುಗಟ್ಟಿ ನಿಂತಿದ್ದರು. ಹೈಸ್ಕೂಲಿನಲ್ಲಿ ಒಬ್ಬರು ಕನ್ನಡ ಮೇಷ್ಟ್ರು, ಕಾಲೇಜಿನಲ್ಲಿ ಒಬ್ಬರು ಅರ್ಥಶಾಸ್ತ್ರದ ಮೇಡಂ, ಇಬ್ಬರೂ ನನ್ನನ್ನು ಸುತ್ತಲಿನ ಊರುಗಳ ಚರ್ಚಾಸ್ಪರ್ಧೆಗಳಿಗೆಲ್ಲ ಕೋಳಿ ಅಂಕಕ್ಕೆ ಹುಂಜ ಒಯ್ಯುವ ಹಾಗೆ ಒಯ್ಯುತ್ತಿದ್ದರು. ಪರವೋ ವಿರೋಧವೋ ಎನ್ನುವುದು ವೇದಿಕೆಯ ಪಕ್ಕದಲ್ಲಿ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುತ್ತಿತ್ತು. ಬೆಳಗ್ಗೆ ಮೊಬೈಲು ಶಾಪವೆಂದು ಸಾಧಿಸಿ, ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ಅದೇ ಮೊಬೈಲು ವರವೆಂದು ಸಾಧಿಸಿ, ಸಂಜೆ ಎರಡೂ ಫಲಕಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದದ್ದುಂಟು. ಅವುಗಳಲ್ಲಿ ದೊಡ್ಡದೊಂದನ್ನು ಅಮ್ಮ ಈಗ ನೀರಿನ ಡ್ರಮ್ಮಿಗೆ ಮುಚ್ಚಿದ್ದಾಳೆ, ಅಳತೆ ಸರಿಹೋಗುತ್ತದಂತೆ. ಹೀಗೆ ತಯಾರಾದವಳನ್ನು ದಿಲ್ಲಿಗೆ ಕಳಿಸಿದರೆ ಏನಾಗಬೇಕೋ ಅದೇ ಆಗಿದೆ. ಬಂದಾಗಿನಿಂದ ನಾನು ಒಂದು ವಾದವನ್ನೂ ಸೋತಿಲ್ಲ, ಮತ್ತು ಭಾನುವಾರ ನನ್ನ ಜೊತೆ ಊಟಕ್ಕೆ ಕೂರುವವರು ಯಾರೂ ಇಲ್ಲ. ಈ ಎರಡಕ್ಕೂ ಸಂಬಂಧವಿದೆ ಎಂದು ಯಾರಾದರೂ ಹೇಳಿದ್ದರೆ ಹಿಂದೆಲ್ಲ ಪುರಾವೆ ಕೇಳುತ್ತಿದ್ದೆ. ಈಗ ಪುರಾವೆಯನ್ನು ನಾನೇ ಒದಗಿಸುತ್ತೇನೆ.

ಮೊದಲನೆಯದು ಕೊತ್ತಂಬರಿ ಸೊಪ್ಪು. ಲಕ್ಷ್ಮೀ ನಗರದಲ್ಲಿ ನಾನಿರುವ ಗಲ್ಲಿಯ ಮೂಲೆಗೆ ಒಂದು ತರಕಾರಿ ಗಾಡಿ ನಿಲ್ಲುತ್ತದೆ. ತರಕಾರಿ ತೂಗಿಯಾದ ಮೇಲೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆ ಹಾಕುವುದು ಇಲ್ಲಿಯ ಪದ್ಧತಿ. ಒಂದು ದಿನ ನಾನು ಆ ಭಯ್ಯಾನಿಗೆ, ಇದು ಪುಕ್ಕಟೆಯಲ್ಲ, ಇದರ ಬೆಲೆ ಟೊಮೆಟೊದೊಳಗೇ ಸೇರಿದೆ, ಆದ್ದರಿಂದ ಉಪಕಾರ ಮಾಡಿದವರ ಹಾಗೆ ನಗುವ ಅಗತ್ಯವಿಲ್ಲ ಎಂದು ನನ್ನ ದಾವಣಗೆರೆ ಹಿಂದಿಯಲ್ಲಿ ಸಾಧಿಸಿ ತೋರಿಸಿದೆ. ಆತ ಪೂರ್ತಿ ಕೇಳಿಸಿಕೊಂಡ. “ಅಚ್ಛಾ, ತೋ ಮತ್ ಲೋ” ಎಂದು, ಹಾಗಾದರೆ ಬೇಡ ಬಿಡಿ ಎನ್ನುವ ಅರ್ಥದಲ್ಲಿ, ನನ್ನ ಚೀಲದೊಳಗೆ ಕೈಹಾಕಿ ಕೊತ್ತಂಬರಿಯನ್ನು ವಾಪಸು ತೆಗೆದುಕೊಂಡ. ಅಂದಿನಿಂದ ನನ್ನದು ಕೊತ್ತಂಬರಿ ಇಲ್ಲದ ಅಡುಗೆ. ಎರಡನೆಯದು ನೋಯ್ಡಾದಲ್ಲಿರುವ ನನ್ನ ಆಫೀಸಿನ ಊಟದ ಗುಂಪು. ಅಲ್ಲಿ ಒಬ್ಬಳು ತಾಮ್ರದ ಬಾಟಲಿಯ ನೀರು ಕುಡಿದು ತನ್ನ ಸಿಟ್ಟು ಕಡಿಮೆಯಾಯಿತು ಎಂದಳು. ನಾನು ಮೂರು ಅಂಶಗಳಲ್ಲಿ ಅದನ್ನು ಖಂಡಿಸಿದೆ, ಅವಳು ಮುಂದೆ ಎತ್ತಬಹುದಾದ ಎರಡು ಆಕ್ಷೇಪಗಳಿಗೂ ಮುಂಗಡವಾಗಿ ಉತ್ತರ ಕೊಟ್ಟೆ. ಅವಳ ಸಿಟ್ಟು ಕಡಿಮೆಯಾಗಿಲ್ಲ ಎಂದು ಸ್ಥಳದಲ್ಲೇ ಸಾಬೀತಾಯಿತು. ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದದ್ದು ನನಗೆ ಗೊತ್ತಾದದ್ದು ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಿನಿಂದ.

ಇನ್ನು ಮನೆ. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆಯ ಕಟ್ಟೆ. ಕೆಳಗಿನ ಮಹಡಿಯಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ತಯಾರು ಮಾಡುವ ಕೋಚಿಂಗ್ ಕ್ಲಾಸು. ಅಲ್ಲಿಯ ಮೇಷ್ಟ್ರು ಮೈಕಿನಲ್ಲಿ ಪಾಠ ಮಾಡುತ್ತಾರೆ, ಭಾನುವಾರವೂ ಮಾಡುತ್ತಾರೆ. ಎರಡು ರೈಲುಗಳು ಎದುರುಬದುರಾಗಿ ಹೊರಟು ಎಲ್ಲಿ ಸಂಧಿಸುತ್ತವೆ ಎಂಬ ಲೆಕ್ಕ ಮಾಡಿಸಿ, “ಸಮಝ್ ಮೇ ಆಯಾ, ಬಚ್ಚೋ?” ಎಂದು ಕೇಳುತ್ತಾರೆ. ನೆಲದ ಮೂಲಕ ಬರುವ ಆ ಪ್ರಶ್ನೆಗೆ ನಾನು ಈರುಳ್ಳಿ ಹೆಚ್ಚುತ್ತಾ, ಅರ್ಥ ಆಯ್ತು ಸರ್, ಎನ್ನುತ್ತೇನೆ. ಇಡೀ ಭಾನುವಾರ ನನ್ನ ಬಾಯಿಂದ ಹೊರಡುವ ಕನ್ನಡ ಕೆಲವು ಸಲ ಅಷ್ಟೇ.

ಇಂಥ ಸ್ಥಿತಿಯಲ್ಲಿ ನಾನು ಅಡುಗೆ ಪುಸ್ತಕಕ್ಕೆ ಸೇರಿಕೊಂಡೆ. ಅಡುಗೆಯೆಂದರೆ ತಿನ್ನುವ ಅಡುಗೆಯಲ್ಲ. ಬಹಳ ಹಿಂದೆ ಯಾರೋ ಒಬ್ಬ ಕಾಲೇಜು ಮೇಷ್ಟ್ರು ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕನ್ನಡದಲ್ಲಿ ಕಲಿಸಲು ಒಂದು ಪುಸ್ತಕ ಮಾಡಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದರು. (ಇದು ನಿಜವಾಗಿಯೂ ಪುಕ್ಕಟೆ, ಪರಿಶೀಲಿಸಿದ್ದೇನೆ.) ಪ್ರತಿಯೊಂದು ಸಮಸ್ಯೆಗೂ ಒಂದು ‘ಪಾಕ’. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಪಾಕ, ಕಡತವೊಂದರಲ್ಲಿ ಎಷ್ಟು ಸಾಲುಗಳಿವೆಯೆಂದು ಎಣಿಸುವ ಪಾಕ, ಹೀಗೆ. ಮೇಲೆ ಬೇಕಾಗುವ ಸಾಮಗ್ರಿ, ಕೆಳಗೆ ಮಾಡುವ ವಿಧಾನ. ಕಾಲ ಹೋದ ಹಾಗೆ ಪ್ರೋಗ್ರಾಮಿಂಗಿನ ಭಾಷೆಯೇ ಬದಲಾಗಿ, ಪುಸ್ತಕ ನೋಡಿ ಮಾಡಿದ ಪಾಕಗಳು ಹದಕ್ಕೆ ಬರದೆ ಒಲೆಯ ಮೇಲೇ ಕೂರತೊಡಗಿದವು. ಅದನ್ನು ಹೊಸದಾಗಿಸಲು ಕನ್ನಡಿಗರ ಒಂದು ಗುಂಪು ಹುಟ್ಟಿತು. ಯಾರು ಬೇಕಾದರೂ ಒಂದು ಪಾಕವನ್ನು ತಿದ್ದಿ ಕಳಿಸಬಹುದು. ನಿಯಮ ಒಂದೇ: ತನ್ನ ತಿದ್ದುಪಡಿಯನ್ನು ತಾನೇ ಒಪ್ಪುವಂತಿಲ್ಲ, ಇನ್ನೊಬ್ಬರು ಓದಿ, ಮಾಡಿ ನೋಡಿ, ಒಪ್ಪಬೇಕು. ಶುರುವಿನಲ್ಲಿ ಜಾತ್ರೆಯಷ್ಟು ಜನರಿದ್ದರು. ದೀಪಾವಳಿ ಬರುವಷ್ಟರಲ್ಲಿ ಉಳಿದವರು ಇಬ್ಬರು, ನಾನು ಮತ್ತು ಗೋಡಂಬಿ.

ಗೋಡಂಬಿ ಎನ್ನುವುದು ಅವರು ಇಟ್ಟುಕೊಂಡಿದ್ದ ಹೆಸರು. ಇಂಥ ಜಾಗಗಳಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರುವುದಿಲ್ಲ. ನಾನು ‘ಪೂರ್ವಪಕ್ಷ’ ಎಂಬ ಹೆಸರಿನಲ್ಲಿದ್ದೆ, ನಮ್ಮ ತರ್ಕದಲ್ಲಿ ಮೊದಲು ಎದ್ದು ಆಕ್ಷೇಪಿಸುವವರ ಸ್ಥಾನ ಅದು. ಗೋಡಂಬಿಯವರು ನನ್ನನ್ನು ‘ಪೂರ್ವಪಕ್ಷದವರೇ, ತಾವು’ ಎಂದು ಬರೆಯುತ್ತಿದ್ದರು, ನಾನು ‘ಗೋಡಂಬಿಯವರೇ, ನೀವು’ ಎನ್ನುತ್ತಿದ್ದೆ. ಇಲ್ಲಿ ಕನ್ನಡದ ಒಂದು ದೋಷವನ್ನು, ಅಥವಾ ಗುಣವನ್ನು, ಎರಡೂ ಕಡೆಯಿಂದ ವಾದಿಸಬಲ್ಲೆ, ಹೇಳಿಬಿಡಬೇಕು. ಒಮ್ಮೆ ಮರ್ಯಾದೆ ಕೊಟ್ಟರೆ ಮುಗಿಯಿತು. ಎದುರಿಗಿರುವುದು ಗಂಡೋ ಹೆಣ್ಣೋ, ಹದಿನೆಂಟೋ ಎಂಬತ್ತೋ, ಒಬ್ಬರೋ ಹಲವರೋ, ‘ಅವರು’ ಎಂಬ ಶಾಲು ಹೊದೆಸಿದ ಮೇಲೆ ಏನೂ ಕಾಣುವುದಿಲ್ಲ. ಚಳಿಗಾಲವಿಡೀ ನಾನು ಒಂದು ಶಾಲಿನ ಜೊತೆ ಜಗಳವಾಡಿದೆ.

ಜಗಳವೆಂದರೆ ಎಂಥ ಸೊಗಸಾದ ಜಗಳ. ಅವರು ‘ಕಡತ’ ಎಂದರೆ ನಾನು ‘ಫೈಲು’ ಎನ್ನುವುದು, ಅವರು ‘ಫೈಲು’ ಎಂದು ಒಪ್ಪಿದ ಕೂಡಲೇ ನಾನು ‘ಕಡತ’ದ ಪರವಾಗಿ ನಿಲ್ಲುವುದು. ಅವರು ಬಯ್ಯಲಿಲ್ಲ. ಲಿಫ್ಟು ಹತ್ತಿ ಹೋಗಲಿಲ್ಲ. ನಾನು ಶನಿವಾರ ಒಂದು ಪುಟ ಆಕ್ಷೇಪ ಬರೆದರೆ ಭಾನುವಾರ ಬೆಳಗ್ಗೆ ಅವರ ಎರಡು ಸಾಲು ಉತ್ತರ ಬಂದಿರುತ್ತಿತ್ತು. ಅದು ಯಾವಾಗಲೂ ನಿಧಾನವಾದ, ಯೋಚಿಸಿದ, ಸ್ವಲ್ಪ ತಮಾಷೆಯ ಉತ್ತರ. ‘ತಾವು ಹೇಳಿದ ಹಾಗೇ ಮಾಡಿದೆವು, ಪಾಕ ತಳ ಹಿಡಿಯಿತು. ಇನ್ನೊಮ್ಮೆ ನೋಡೋಣವೇ?’ ಎಂಬಂಥವು. ಅದನ್ನು ಓದುತ್ತಾ ಚಹಾ ಕುಡಿಯುವುದು ನನ್ನ ವಾರದ ಹಬ್ಬವಾಯಿತು. ನಾನು ಮನಸ್ಸಿನೊಳಗೇ ಎಷ್ಟೋ ಸಲ ನಿರ್ಧರಿಸಿದ್ದೆ, ಈ ಪುಸ್ತಕ ಮುಗಿಯಲೇಬಾರದು ಎಂದು. ಆಕ್ಷೇಪಗಳು ತೀರಿದಾಗ ನನ್ನದೇ ಹಳೆಯ ತಿದ್ದುಪಡಿಯ ಮೇಲೆ ಆಕ್ಷೇಪ ಹಾಕಿ ಅವರ ಅಭಿಪ್ರಾಯ ಕೇಳುತ್ತಿದ್ದೆ. ಚೀಟಿ ಎತ್ತಿ ಎರಡೂ ಕಡೆ ಮಾತಾಡಿದ ವಿದ್ಯೆ ಒಂಟಿತನಕ್ಕೆ ಹೀಗೆ ಒದಗಿಬರುತ್ತದೆ ಎಂದು ನಮ್ಮ ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ.

ಇಷ್ಟಕ್ಕೇ ಸುಮ್ಮನಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ನನ್ನ ಕಣ್ಣು ‘ಓಣ’ದ ಮೇಲೆ ಬಿತ್ತು. ಗೋಡಂಬಿಯವರು ತಿದ್ದಿದ ಪಾಕಗಳೆಲ್ಲ ‘ಓಣ’ದಲ್ಲಿ ಇರುತ್ತಿದ್ದವು. ಮೊದಲು ಒಂದು ಖಾಲಿ ಪಟ್ಟಿ ಮಾಡೋಣ. ಅದರಲ್ಲಿ ಹೆಸರುಗಳನ್ನು ಹಾಕೋಣ. ಏನಾಯಿತು ನೋಡೋಣ. ನಾನು ತಿದ್ದಿದ ಪಾಕಗಳು ಮಾಡಿ, ಹಾಕಿ, ನೋಡಿ ಎಂದು ಸರಳವಾಗಿ ಇರುತ್ತಿದ್ದವು. ಒಂದೇ ಪುಸ್ತಕದಲ್ಲಿ ಎರಡು ರೀತಿ ಇರಬಾರದು ಎಂದು ವಾದ ಹೂಡಿದೆ. ನನ್ನ ವಾದ, ಸಭಿಕರು ಗಮನಿಸಬೇಕು, ಇಂದಿಗೂ ಬಲವಾಗಿದೆ. ಪ್ರೋಗ್ರಾಮಿಂಗ್ ಪುಸ್ತಕವನ್ನು ಯಾರೂ ಗುಂಪಾಗಿ ಕೂತು ಓದುವುದಿಲ್ಲ, ಓದುವವರು ಒಂಟಿ, ಕೋಣೆಯಲ್ಲಿ ಅವರ ಜೊತೆ ಇರುವುದು ಕಂಪ್ಯೂಟರ್ ಮಾತ್ರ. ಅವರಿಗೆ ‘ಹಾಕೋಣ’ ಎಂದು ಹೇಳುವುದು ಡಾಕ್ಟರು ಬಂದು ‘ಈಗೊಂದು ಇಂಜೆಕ್ಷನ್ ತಗೊಳ್ಳೋಣ’ ಎಂದ ಹಾಗೆ, ಚುಚ್ಚಿಸಿಕೊಳ್ಳುವವರು ಮಾತ್ರ ಒಬ್ಬರೇ. ನಮ್ಮ ಮ್ಯಾನೇಜರು ‘ಇದನ್ನು ಶುಕ್ರವಾರದೊಳಗೆ ಮುಗಿಸೋಣ’ ಎನ್ನುವುದೂ ಇದೇ ಜಾತಿಯ ಮೋಸ. ಕೊನೆಗೆ, ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸುವ ಮುಂಚೆ ಹೊಡೆಯುವ ಹೊಡೆತದ ಹಾಗೆ, ಒಂದು ಪ್ರಶ್ನೆ ಬರೆದೆ: ‘ಈ ಹಾಕೋಣದಲ್ಲಿರುವ ಇನ್ನೊಬ್ಬರು ಯಾರು?’

ಗೋಡಂಬಿಯವರ ಉತ್ತರ ಬಹಳ ಚಿಕ್ಕದಾಗಿತ್ತು. ‘ನಮಗೆ ಹಾಗೇ ಬರುತ್ತದೆ’ ಎಂದಿದ್ದರು. ಇದೊಂದು ವಾದವೇ? ನಾನು ಇನ್ನೂ ಉತ್ಸಾಹದಿಂದ ಎರಡು ಪುಟ ಬರೆದೆ. ನನ್ನ ಲೆಕ್ಕದಲ್ಲಿ ಈ ಜಗಳ ಬೇಸಿಗೆಯವರೆಗೆ ಬರಬೇಕಿತ್ತು. ಅಷ್ಟರಲ್ಲಿ ಯೋಜನೆಯ ಸಂಚಾಲಕರು, ವರ್ಷಕ್ಕೊಮ್ಮೆ ಧೂಮಕೇತುವಿನ ಹಾಗೆ ಕಾಣಿಸಿಕೊಳ್ಳುವವರು, ಇದಕ್ಕಾಗಿ ಪುಸ್ತಕ ನಿಲ್ಲಬಾರದು, ಮತ ಹಾಕಿ ಎಂದರು. ಒಂದೇ ಒಂದು ಪಾಕವನ್ನೂ ತಿದ್ದದವರೆಲ್ಲ, ಸೊಸೈಟಿ ಮೀಟಿಂಗಿಗೆ ಸಮೋಸಾದ ಹೊತ್ತಿಗೆ ಬರುವವರ ಹಾಗೆ, ಎಲ್ಲೆಲ್ಲಿಂದಲೋ ಬಂದು ಹೆಬ್ಬೆರಳು ಎತ್ತಿ ಹೋದರು. ನಾನು ಭಾರೀ ಬಹುಮತದಿಂದ ಗೆದ್ದೆ. ಗೋಡಂಬಿಯವರು ‘ಆಗಲಿ. ತಾವೇ ಬದಲಾಯಿಸಿಬಿಡಿ’ ಎಂದು ಬರೆದರು. ಆ ‘ಬಿಡಿ’ಯಲ್ಲಿ ಏನೋ ಇತ್ತು. ಗೆದ್ದ ಅಮಲಿನಲ್ಲಿ ನಾನು ಅದನ್ನು ಕ್ರಿಯಾಪದವೆಂದಷ್ಟೇ ಓದಿಕೊಂಡೆ.

ಇಡೀ ಪುಸ್ತಕದ ಓಣಗಳನ್ನು ಕೈಯಲ್ಲಿ ತಿದ್ದುವುದು ಪ್ರೋಗ್ರಾಮರಿಗೆ ಅವಮಾನ. ಅದಕ್ಕಾಗಿ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದೆ. ಓತ್ವದೀರ್ಘದ ಮುಂದೆ ‘ಣ’ ಬಂದರೆ ಎರಡನ್ನೂ ಕಿತ್ತು ಅಲ್ಲೊಂದು ಗುಡಿಸು ಕೊಡು. ಎಷ್ಟು ಚೆಂದದ ಉಪಾಯ ನೋಡಿ: ಮಾಡೋಣ ಮಾಡಿ ಆಗುತ್ತದೆ, ಹಾಕೋಣ ಹಾಕಿ ಆಗುತ್ತದೆ, ನೋಡೋಣ ನೋಡಿ ಆಗುತ್ತದೆ. ಮೊದಲ ಕೆಲವು ಪುಟ ತೆರೆದು ನೋಡಿದೆ, ಎಲ್ಲ ಸರಿಯಾಗಿತ್ತು. ಕಳಿಸಿದೆ. ಗೋಡಂಬಿಯವರು ಓದಿ ಏನಾದರೂ ಕೊಕ್ಕೆ ತೆಗೆಯುತ್ತಾರೆ, ಮುಂದಿನ ಭಾನುವಾರಕ್ಕೆ ಮಾತಿದೆ ಎಂದುಕೊಂಡಿದ್ದೆ. ಅವರು ಕೂಡಲೇ ಒಪ್ಪಿಬಿಟ್ಟರು. ಕೆಳಗೆ ‘ಸರಿ’ ಎಂದಿತ್ತು, ಬೇರೇನೂ ಇರಲಿಲ್ಲ. ಒಂದು ಅಲ್ಪವಿರಾಮಕ್ಕೂ ಪ್ರಶ್ನೆ ಕೇಳುತ್ತಿದ್ದವರು ಇಡೀ ಪುಸ್ತಕವನ್ನು ಓದದೆ ಒಪ್ಪಿದ್ದರು. ಮುಂದಿನ ಭಾನುವಾರ ಚಹಾ ಮಾಡಿಕೊಂಡು ಕೂತೆ, ಏನೂ ಬಂದಿರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಎದುರಾಳಿ ಎದ್ದು ಹೋದ ವೇದಿಕೆಯಲ್ಲಿ ಮೈಕು ಹಿಡಿದು ನಿಂತವಳ ಸ್ಥಿತಿ ನನ್ನದು. ಕೆಳಗಿನಿಂದ ಮೇಷ್ಟ್ರು ಸಮಝ್ ಮೇ ಆಯಾ ಎಂದಾಗ ನಾನು ಉತ್ತರ ಕೊಡಲಿಲ್ಲ.

ಕೊನೆಗೆ ಪತ್ರ ಬಂದದ್ದು ಗದಗಿನ ಕಡೆಯ ಒಬ್ಬ ಶಾಲಾ ಮೇಷ್ಟ್ರಿಂದ. ಬಹಳ ವಿನಯದಿಂದ ಕೇಳಿದ್ದರು, ಪ್ರಾಣಿಗಳ ಪಟ್ಟಿಯ ಪಾಕದಲ್ಲಿ ಎಮ್ಮೆಯ ಪಕ್ಕ ‘ಕಿ’ ಎಂಬ ಪ್ರಾಣಿ ಇದೆಯಲ್ಲ, ಅದು ಯಾವುದು, ಮಕ್ಕಳು ಕೇಳುತ್ತಿದ್ದಾರೆ. ಅದು ಕೋಣ. ನನ್ನ ಪ್ರೋಗ್ರಾಮಿಗೆ ಹಾಕೋಣವೂ ಒಂದೇ, ಕೋಣವೂ ಒಂದೇ; ಅದರ ಓಣ ಕಿತ್ತು ಗುಡಿಸು ಕೊಟ್ಟಿತ್ತು. ಉಳಿದ ಪುಟಗಳನ್ನು ತೆರೆದೆ. ಹಳೆಯ ಮೇಷ್ಟ್ರು ‘ತ್ರಿಕೋಣ’ ಎಂದು ಬರೆದದ್ದು ‘ತ್ರಿಕಿ’ಯಾಗಿ, ತ್ರಿಕಿಯ ವಿಸ್ತೀರ್ಣ ಕಂಡುಹಿಡಿಯುವ ಪಾಕ ಸಿದ್ಧವಾಗಿತ್ತು. ದೋಣಿಯ ‘ದ’ಕ್ಕೆ ಮೊದಲೇ ಒಂದು ಗುಡಿಸು ಬಂದು, ‘ಣಿ’ಯ ಗುಡಿಸು ಅನಾಥವಾಗಿ ಅದರ ಪಕ್ಕದಲ್ಲಿ ತೇಲುತ್ತಿತ್ತು. ಗೋಣಿಚೀಲಕ್ಕೂ ಅದೇ ಗತಿ. ಇವನ್ನಾದರೂ ತಪ್ಪೆಂದು ಗುರುತಿಸಬಹುದು. ‘ಕಡತದಿಂದ ಹೆಸರುಗಳನ್ನು ತರೋಣ’ ಎಂಬುದು ‘ಹೆಸರುಗಳನ್ನು ತರಿ’ ಎಂದಾಗಿ ಹೆಸರುಗಳ ಮೇಲೆ ಮಚ್ಚು ಬೀಸಿತ್ತು. ಮುಂದಿನ ಸಾಲಿನ ‘ಉತ್ತರ ಬರುವವರೆಗೆ ಕಾಯುತ್ತಾ ಇರೋಣ’ ಎಂಬುದು ‘ಕಾಯುತ್ತಾ ಇರಿ’ ಎಂದಾಗಿತ್ತು. ವ್ಯಾಕರಣ ಸರಿಯೇ, ಆದರೆ ತರಿಯ ಪಕ್ಕದಲ್ಲಿ ಇರಿ ಕೂತರೆ ಓದುವವರು ಪೊಲೀಸರಿಗೆ ಫೋನು ಮಾಡದೆ ಇರುತ್ತಾರೆಯೇ.

ಇದರ ನಡುವೆ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ‘ಈಗ ಹೊಸ ಹೆಸರನ್ನು ಪಟ್ಟಿಯಲ್ಲಿ ಡಾಲಿ.’ ಈ ಡಾಲಿ ಯಾರು? ಹಿಂದಿನ ಪ್ರತಿಯನ್ನು ತೆಗೆದು ನೋಡಿದೆ. ಅಲ್ಲಿ ‘ಪಟ್ಟಿಯಲ್ಲಿ ಡಾಲೋಣ’ ಎಂದಿತ್ತು. ಗೋಡಂಬಿಯವರು ತಿದ್ದಿದ್ದು, ಅಲ್ಪವಿರಾಮ ಬಿಡದ ನಾನು ಕಣ್ಣುಬಿಟ್ಟುಕೊಂಡು ಒಪ್ಪಿದ್ದು. ಹಾಕುವುದಕ್ಕೆ ಹಿಂದಿಯಲ್ಲಿ ಡಾಲ್‌ನಾ. ಅದಕ್ಕೆ ಕನ್ನಡದ ಓಣ ಜೋಡಿಸಿ ‘ಡಾಲೋಣ’ ಎನ್ನುವ ಜೀವ ಬೆಂಗಳೂರಿನಲ್ಲಿ ಹುಟ್ಟುವುದಿಲ್ಲ, ಗದಗಿನಲ್ಲಿ ಹುಟ್ಟುವುದಿಲ್ಲ. ಅದು ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಹಿಂದಿ ಇರುವ ಕಡೆಯೇ ಹುಟ್ಟಬೇಕು. ಕೋಣದ ವಿಷಯಕ್ಕೆ ಕ್ಷಮೆ ಕೇಳುವುದನ್ನೂ ಮರೆತು ಗೋಡಂಬಿಯವರಿಗೆ ಬರೆದೆ, ಡಾಲೋಣ ಎನ್ನುವವರು ದಿಲ್ಲಿಯವರೇ ಆಗಿರಬೇಕು, ಎಲ್ಲಿದ್ದೀರಿ ಎಂದು. ಸಂಜೆ ಉತ್ತರ ಬಂತು. ‘ಮಯೂರ್ ವಿಹಾರ್ ಫೇಸ್ ಒನ್. ತಾವು?’

ನಾನು ದಿನಾ ಆಫೀಸಿಗೆ ಹೋಗುವ ದಾರಿ ಅದು. ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ, ಯಮುನಾ ಬ್ಯಾಂಕಿನಲ್ಲಿ ಇಳಿದು ನೋಯ್ಡಾ ಕಡೆಯ ಗಾಡಿ ಹಿಡಿದರೆ ಮಯೂರ್ ವಿಹಾರ್ ಮೇಲೆಯೇ ಹಾದುಹೋಗುತ್ತೇನೆ. ಚಳಿಗಾಲವಿಡೀ ಅವರ ಮನೆಯ ಒಣಗುವ ಬಟ್ಟೆಗಳನ್ನು ಕಿಟಕಿಯಿಂದ ನೋಡುತ್ತಲೇ, ಇವರು ಎಲ್ಲಿರಬಹುದು, ಮೈಸೂರೋ ಧಾರವಾಡವೋ ಎಂದು ಯೋಚಿಸುತ್ತಾ ನಿಂತಿದ್ದಿರಬೇಕು. ಹಾಗೆಂದು ಬರೆದೆ. ಭಾನುವಾರ ಬೆಳಗ್ಗೆ ತಿಂಡಿಗೆ ಬನ್ನಿ ಎಂದರು. ಕನ್ನಡದಲ್ಲಿ ಯಾರಾದರೂ ನನ್ನನ್ನು ತಿಂಡಿಗೆ ಕರೆದು ಎಷ್ಟು ಕಾಲವಾಗಿತ್ತೆಂದರೆ, ಈ ಕರೆಯಲ್ಲಿ ಏನಾದರೂ ದೋಷವಿದೆಯೇ ಎಂದು ಎರಡು ಸಲ ಓದಿದೆ. ಸಿಗಲಿಲ್ಲ.

ಬಾಗಿಲು ತೆರೆದವರು ಐವತ್ತು ದಾಟಿದ, ಸ್ವೆಟರಿನ ಮೇಲೆ ಶಲ್ಯ ಹೊದ್ದ ಒಬ್ಬರು. ಹೆಸರು ಚಂದ್ರಶೇಖರಯ್ಯ, ಕೇಂದ್ರ ಸರ್ಕಾರದ ಯಾವುದೋ ಇಲಾಖೆಯಲ್ಲಿ ಅಧಿಕಾರಿ ಎಂದು ಆಮೇಲೆ ತಿಳಿಯಿತು. ಜೀನ್ಸ್ ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿ ಬಹಳ ಸಂತೋಷಪಟ್ಟು, ನನ್ನ ತಲೆಯ ಮೇಲಿಂದ ಮೆಟ್ಟಿಲಿನ ಕಡೆ ಇಣುಕಿದರು.

“ಬನ್ನಿ ಬನ್ನಿ. ಸರ್ ಎಲ್ಲಿ? ಕೆಳಗೇ ಇದಾರಾ? ಲಿಫ್ಟ್ ಬೇರೆ ಕೆಟ್ಟಿದೆ, ಈ ವಯಸ್ಸಲ್ಲಿ ಹತ್ತೋದು ಕಷ್ಟ ಪಾಪ. ನಿಧಿ, ಒಂದು ಕುರ್ಚಿ ತಗೊಂಡು ಕೆಳಗೆ ಹೋಗಮ್ಮ.”

ಪೂರ್ವಪಕ್ಷವೆಂಬ ಹೆಸರು, ಮೂರು ಅಂಶಗಳ ವಾದ, ಸಂಧಿಸಮಾಸದ ಜಗಳ ಇವೆಲ್ಲ ಸೇರಿ ಅವರ ಮನಸ್ಸಿನಲ್ಲಿ ನಾನು ನಿವೃತ್ತ ಪಂಡಿತನಾಗಿದ್ದೆ, ಬಹುಶಃ ಪಂಚೆಯಲ್ಲಿ. ಸರ್ ಯಾರೂ ಇಲ್ಲ, ಪೂರ್ವಪಕ್ಷ ನಾನೇ ಎಂದೆ. ಅವರ ಹಿಂದೆ ಕುರ್ಚಿ ಎತ್ತಿಕೊಂಡು ಬಂದ ಕಾಲೇಜು ಹುಡುಗಿ ಕುರ್ಚಿಯನ್ನು ಅಲ್ಲೇ ಇಳಿಸಿ, ಬಾಗಿಲಿಗೆ ಒರಗಿ ನಕ್ಕಳು.

“ಪಪ್ಪಾ, ಯೇ ತೋ ದೀದಿ ಹೈಂ. ನಾನು ಬೋಲಿದ್ದೆ ಅಲ್ವಾ, ಇಷ್ಟು ಲಡಾಯಿ ಮಾಡೋರು ಯಂಗ್ ಇರ್ತಾರೆ ಅಂತ.”

ಚಂದ್ರಶೇಖರಯ್ಯನವರು ‘ತಾವು’ಗಳನ್ನೆಲ್ಲ ಎಲ್ಲಿಡುವುದೆಂದು ತಿಳಿಯದೆ ಒಂದು ಗಳಿಗೆ ತಡವರಿಸಿ, “ಒಳಗ್ ಬಾಮ್ಮ, ಚಳಿ” ಎಂದರು. ಬಹಳ ದಿನದಿಂದ ನನ್ನನ್ನು ಯಾರೂ ಏಕವಚನದಲ್ಲಿ ಒಳಗೆ ಕರೆದಿರಲಿಲ್ಲ. ನಾನು ಚಪ್ಪಲಿ ಕಳಚುವ ನೆಪದಲ್ಲಿ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ. ಆಮೇಲೆ, ಹಾಗಾದರೆ ಗೋಡಂಬಿ ನೀವೋ ಎಂದು ಕೇಳಿದೆ. ಅವರು ಮಗಳ ಕಡೆ ನೋಡಿ, “ಒಂದು ಹೋಳು ನಾನು, ಇನ್ನೊಂದು ಹೋಳು ಇವಳು” ಎಂದರು. ಚಿಕ್ಕಂದಿನಲ್ಲಿ ಪಾಯಸದ ಗೋಡಂಬಿಯನ್ನಷ್ಟೇ ಆರಿಸಿ ತಿನ್ನುತ್ತಿದ್ದ ನಿಧಿಗೆ ಮನೆಯಲ್ಲಿ ಆ ಹೆಸರಂತೆ.

ಊಟದ ಮೇಜಿನ ಮೇಲೆ ಒಂದೇ ಲ್ಯಾಪ್‌ಟಾಪ್, ಎದುರಿಗೆ ಎರಡು ಕುರ್ಚಿ. ಅಪ್ಪನಿಗೆ ಪ್ರೋಗ್ರಾಂ ಬರುವುದಿಲ್ಲ. ಮಗಳಿಗೆ ಕನ್ನಡ ಬರೆಯಲು ಬರುವುದಿಲ್ಲ, ದಿಲ್ಲಿಯಲ್ಲೇ ಹುಟ್ಟಿದವಳು, ಕೇಳಿದರೆ ಅರ್ಥವಾಗುತ್ತದೆ, ಆಡಿದರೆ ಮೂರು ಭಾಷೆ ಒಟ್ಟಿಗೆ ಬರುತ್ತವೆ. ಇವಳ ಬಾಯಲ್ಲಿ ಕನ್ನಡ ಉಳಿಯಲಿ ಎಂದು ಅಪ್ಪನೇ ಈ ಪುಸ್ತಕಕ್ಕೆ ಸೇರಿಸಿದ್ದರು. ಶನಿವಾರ ಇಬ್ಬರೂ ಕೂರುವುದು. ಈಗ ಏನ್ ಮಾಡೋಣ ಎಂದು ಅಪ್ಪ ಕೇಳುವುದು, ಇದನ್ನ ಇಲ್ಲಿ ಡಾಲೋಣ ಪಪ್ಪಾ ಎಂದು ಮಗಳು ಹೇಳುವುದು, ಅಪ್ಪ ಅದನ್ನು ಹಾಕೋಣ ಎಂದು ಬರೆದುಕೊಳ್ಳುವುದು. ಒಂದು ಸಲ ನಗುತ್ತಾ ಬರೆಯುವಾಗ ಹಾಗೇ ಉಳಿದುಹೋಯಿತಂತೆ. ನಾನು ಪುಟಗಟ್ಟಲೆ ಬರೆದು ಕೇಳಿದ್ದೆನಲ್ಲ, ಈ ಹಾಕೋಣದಲ್ಲಿರುವ ಇನ್ನೊಬ್ಬರು ಯಾರು ಎಂದು. ಆ ಇನ್ನೊಬ್ಬರು ನನ್ನೆದುರು ಕೂತು ಚಟ್ನಿಯಲ್ಲಿ ಇಡ್ಲಿ ಅದ್ದುತ್ತಿದ್ದರು.

ಮತ ಹಾಕಿ ತೀರ್ಮಾನವಾದ ಮೇಲೆ ಒಂದು ಶನಿವಾರ ಕೂತರಂತೆ. ಅಪ್ಪ ನಿಯಮದಂತೆ ‘ಹಾಕಿ’ ಎಂದು ಬರೆದರು, ‘ನೋಡಿ’ ಎಂದು ಬರೆದರು. ನಿಧಿ, ಇದು ನಿಮ್ಮ ಆಫೀಸ್ ಆರ್ಡರ್ ಥರ ಇದೆ, ಆಪ್ ಹೀ ಕರ್ ಲೋ, ನೀವೇ ಮಾಡ್ಕೊಳ್ಳಿ, ಎಂದು ಎದ್ದು ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನ ಕೋಣೆ ಸೇರಿದಳು. ಅಲ್ಲಿಗೆ ಶನಿವಾರಗಳು ನಿಂತವು. ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಲಿಫ್ಟು ಕೆಟ್ಟಿದೆ ಎನ್ನುವ ಹಾಗೆ ಹೇಳಿದರು. ಇಬ್ಬರು ಕೂತು ಬರೆಯುತ್ತೀರೆಂದು ಅಲ್ಲೇ ಹೇಳಬಹುದಿತ್ತಲ್ಲ, ನೀವು ವಾದವನ್ನೇ ಮಾಡಲಿಲ್ಲ ಎಂದು ನಾನು, ತಪ್ಪು ಯಾರದೆಂದು ಗೊತ್ತಿದ್ದೂ, ಅವರ ಮೇಲೆಯೇ ಏರಿಹೋದೆ. ಅಭ್ಯಾಸಬಲ.

“ಅದು ವಾದ ಮಾಡೋ ವಿಷಯ ಅಂತ ಅನ್ನಿಸ್ಲಿಲ್ಲಮ್ಮ” ಎಂದರು ಅವರು. ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ, “ಓಣ ಅಂದ್ರೆ ಕೇಳಿಸ್ಕೊಳ್ಳೋರೂ ಸೇರಿದ ಹಾಗೆ ಅಲ್ವಾ? ನಿನ್ನನ್ನೂ ಸೇರಿಸ್ಕೊಂಡೇ ಬರೀತಿದ್ವಿ” ಎಂದರು.

ಇದಕ್ಕೆ ಖಂಡನೆ ಇದೆ. ಇರಲೇಬೇಕು. ನಾನು ಇಡ್ಲಿಯ ಕಡೆ ನೋಡುತ್ತಾ ಹುಡುಕಿದೆ. ಮೊದಲ ಅಂಶವೇ ಹೊಳೆಯಲಿಲ್ಲ.

ಆ ಬೆಳಗ್ಗೆ ನಾವು ಪುಸ್ತಕ ಸರಿಮಾಡಲು ಕೂತೆವು. ನಿಧಿ ಇಯರ್‌ಫೋನ್ ಮೇಜಿನ ಮೇಲಿಟ್ಟು ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. ಕೆಳಗೆ ಕಳಿಸಲು ತಂದಿದ್ದ ಮೂರನೆಯ ಕುರ್ಚಿ ನನಗಾಯಿತು. ತಿಳಿದವರು ಕೇಳಬಹುದು, ಹಿಂದಿನ ಪ್ರತಿ ಇದ್ದೇ ಇರುವಾಗ ಒಂದು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತೆ ಆಗುತ್ತದಲ್ಲ ಎಂದು. ಆಗುತ್ತದೆ. ನಾನು ಅದನ್ನು ಹೇಳಲಿಲ್ಲ. ನಿಧಿಗೂ ಗೊತ್ತಿತ್ತು, ಅವಳೂ ಹೇಳಲಿಲ್ಲ. ಕೋಣವನ್ನು ಕೊಟ್ಟಿಗೆಗೆ ಕಟ್ಟೋಣ, ದೋಣಿಯನ್ನು ದಡ ಹತ್ತಿಸೋಣ ಎಂದು ಒಂದೊಂದಾಗಿ, ಕೈಯಾರೆ, ಮಧ್ಯಾಹ್ನದವರೆಗೆ ತಿದ್ದಿದೆವು. ಸಂಚಾಲಕರಿಗೆ ನಾನೇ ಬರೆದೆ, ಹಿಂದಿನ ತೀರ್ಮಾನದಲ್ಲಿ ಪೂರ್ವಪಕ್ಷಕ್ಕೆ ವಿಷಯ ಪೂರ್ತಿ ತಿಳಿದಿರಲಿಲ್ಲ ಎಂದು. ಗೆದ್ದವರೇ ಮೇಲ್ಮನವಿ ಹಾಕಿದ್ದನ್ನು ನೋಡಿ ಅವರಿಗೆ ಏನನ್ನಿಸಿತೋ, ಆಗಲಿ ಎಂದರು. ಡಾಲೋಣವನ್ನು ಹಾಕೋಣ ಮಾಡಬೇಕೇ ಎಂಬ ಪ್ರಶ್ನೆ ಬಂದಾಗ ಅಪ್ಪ ಮಗಳಿಬ್ಬರೂ ನನ್ನ ಕಡೆ ನೋಡಿದರು. ಶುದ್ಧ ಕನ್ನಡದ ದೃಷ್ಟಿಯಿಂದ ಅದು ತಪ್ಪು, ನನ್ನ ಬಳಿ ನಾಲ್ಕು ಅಂಶಗಳಿದ್ದವು. ಇರಲಿ ಬಿಡಿ ಎಂದೆ.

ಹೊರಡುವಾಗ ಮುಂದಿನ ವಾರವೂ ಬಾ ಎಂದರು. ಅದು ನಿಜವಾದ ಕರೆಯೋ ಬಾಗಿಲಲ್ಲಿ ಎಲ್ಲರೂ ಹೇಳುವ ಮಾತೋ ಎಂದು ಯಮುನಾ ಬ್ಯಾಂಕಿನವರೆಗೂ ಎರಡೂ ಪಕ್ಷ ವಹಿಸಿ ವಾದಿಸಿದೆ, ತೀರ್ಪಾಗಲಿಲ್ಲ. ಅವರದು ಎರಡು ಹೋಳಿನ ಗೋಡಂಬಿ. ಶನಿವಾರಗಳು ಮತ್ತೆ ಶುರುವಾದವು, ಅಷ್ಟಂತೂ ಖಚಿತ. ಅದರಲ್ಲಿ ಮೂರನೆಯ ಹೋಳಿಗೆ ಜಾಗವಿದೆಯೇ ಎಂದು ಕೇಳಿದರೆ ಪುರಾವೆ ಬೇಕಾಗುತ್ತದೆ, ಮತ್ತು ಕೆಲವು ಪ್ರಶ್ನೆಗಳನ್ನು ಕೇಳದಿದ್ದರೇ ಒಳ್ಳೆಯದೆಂದು ಈಗೀಗ ಅನ್ನಿಸುತ್ತಿದೆ. ಅಂದು ಮನೆಗೆ ಬರುವಾಗ ಗಲ್ಲಿಯ ಮೂಲೆಯಲ್ಲಿ ತರಕಾರಿ ಗಾಡಿ ನಿಂತಿತ್ತು. ಟೊಮೆಟೊ ತೆಗೆದುಕೊಂಡು, ಚೀಲ ಚಾಚಿ, ಏನೂ ಹೇಳದೆ ನಿಂತೆ. ಭಯ್ಯಾ ನನ್ನ ಮುಖ ನೋಡಿದ, ಕೊತ್ತಂಬರಿಯ ಕಡೆ ನೋಡಿದ, ಬೇರೆ ಗಿರಾಕಿಯನ್ನು ಮಾತಾಡಿಸಿದ.

ಕೋಣೆಗೆ ಬಂದು, ಉಪ್ಪಿಟ್ಟಿಗೆ ರವೆ ತೆಗೆದು, ಬಾಣಲೆ ಇಟ್ಟು, “ಈಗ ಒಲೆ ಹಚ್ಚೋಣ” ಎಂದೆ. ಗಟ್ಟಿಯಾಗಿಯೇ ಅಂದೆ. ಕೂಡಲೇ ಒಳಗಿನಿಂದ ಪೂರ್ವಪಕ್ಷ ಎದ್ದು ನಿಂತಿತು: ಈ ಹಚ್ಚೋಣದಲ್ಲಿರುವ ಇನ್ನೊಬ್ಬರು ಯಾರು? ಆಕ್ಷೇಪ ಬಲವಾಗಿತ್ತು, ನಾನೇ ತಯಾರು ಮಾಡಿದ್ದಲ್ಲವೇ. ಉತ್ತರ ಕೊಡಲು ಹೋಗದೆ ಒಲೆ ಹಚ್ಚಿದೆ. ಅಳತೆ ಎಲ್ಲಿ ತಪ್ಪಿತೋ, ಉಪ್ಪಿಟ್ಟು ಇಬ್ಬರಿಗೆ ಆಗುವಷ್ಟು ಆಯಿತು.